ಸಿಪ್ಪೆ ಸುಲಿಯಬೇಕು, ಎಳೆ ಉಳಿಯಬೇಕು

ವೈರ್ ಸ್ಟ್ರಿಪ್ಪರ್ ಮಾಡುವ ಕೆಲಸ ನೋಡಲು ತೀರ ಸಣ್ಣದು. ತಾಮ್ರದ ಮೇಲಿನ ಹೊದಿಕೆಯನ್ನು ಒಂದು ಸೆಂಟಿಮೀಟರಿನಷ್ಟು ತೆಗೆಯಬೇಕು, ಒಳಗಿನ ತಾಮ್ರಕ್ಕೆ ಏನೂ ಆಗಬಾರದು. ಪ್ಲಗ್ ಪಾಯಿಂಟಿಗೆ ಎಳೆಯುವ 2.5 ಚದರ ಮಿಲಿಮೀಟರ್ ವೈರಿನಲ್ಲಿ ಆ ಹೊದಿಕೆಯ ದಪ್ಪ 0.8 ಮಿಲಿಮೀಟರ್. ಅಲಗು ಅಷ್ಟರೊಳಗೆ ನಿಲ್ಲಬೇಕು. ಮನೆಗಳಿಗೆ ವಿದ್ಯುತ್ ಬಂದಂದಿನಿಂದ ಈ ಉಪಕರಣ ತಾಳಿದ ರೂಪಗಳೆಲ್ಲ ಅಲಗನ್ನು ಎಲ್ಲಿ ನಿಲ್ಲಿಸುವುದು ಎಂಬ ಒಂದೇ ಪ್ರಶ್ನೆಗೆ ಸಿಕ್ಕ ಉತ್ತರಗಳು. ಪ್ರತಿ ಉತ್ತರವೂ ಆಯಾ ಕಾಲದ, ಆಯಾ ದೇಶದ ವೈರನ್ನು ನೋಡಿಕೊಂಡೇ ಹುಟ್ಟಿತು. ಹಾಗಾಗಿ ಯಾವ ಸ್ಟ್ರಿಪ್ಪರ್ ಒಳ್ಳೆಯದು ಎಂದು ಕೇಳುವ ಮೊದಲು ನಮ್ಮ ಗೋಡೆಯೊಳಗಿನ ಪೈಪಿನಲ್ಲಿ ಎಂಥ ವೈರಿದೆ ಎಂದು ಕೇಳಬೇಕು. ಈ ಕ್ರಮ ಹಿಂದುಮುಂದಾದರೆ ದುಬಾರಿ ಉಪಕರಣವೂ ತಾಮ್ರವನ್ನು ಕಡಿಯುತ್ತದೆ.

ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬಂತು. ಆ ಕಾಲದ ಮನೆವೈರಿನ ಹೊದಿಕೆ ಗಂಧಕ ಬೆರೆಸಿ ಹದಗೊಳಿಸಿದ ರಬ್ಬರಿನದು. ಅದರ ಮೇಲೆ ಹತ್ತಿನೂಲಿನ ಹೆಣಿಗೆ, ಹೆಣಿಗೆಗೆ ತೇವ ತಡೆಯುವ ಮೇಣದಂಥ ಲೇಪ. ಗಂಧಕ ತಾಮ್ರವನ್ನು ಕೆಡಿಸುತ್ತದೆಂದು ತಾಮ್ರಕ್ಕೆ ತವರ ಬಳಿಯುತ್ತಿದ್ದರು. ಇಂಥ ವೈರಿಗೆ ಚಾಕುವೇ ಸರಿಯಾದ ಸಾಧನ. ನೂಲನ್ನು ಹಿಂದೆ ಸರಿಸಿ, ಅಂಟಿಕೊಂಡ ರಬ್ಬರನ್ನು ಹೆರೆದು, ತವರ ಮಿನುಗುವವರೆಗೆ ಉಜ್ಜಬೇಕಿತ್ತು. ಚಾಕು ಹಿಡಿಯುವ ರೀತಿಗೂ ಒಂದು ನಿಯಮವಿತ್ತು: ಅಲಗನ್ನು ವೈರಿನ ಸುತ್ತ ತಿರುಗಿಸಿ ಉಂಗುರ ಕೊರೆಯಬಾರದು, ಪೆನ್ಸಿಲ್ ಹೆರೆದಂತೆ ಓರೆಯಾಗಿ ತೆಗೆಯಬೇಕು. ಉಂಗುರ ಕೊರೆದರೆ ತಾಮ್ರದ ಮೇಲೆ ಸುತ್ತಲೂ ಗೀರು ಬೀಳುತ್ತದೆ, ಬಗ್ಗಿಸಿದಾಗ ವೈರು ಅಲ್ಲಿಯೇ ಮುರಿಯುತ್ತದೆ. ಅಲಗು ನಿಲ್ಲುವ ಜಾಗವನ್ನು ಆಗ ತೀರ್ಮಾನಿಸುತ್ತಿದ್ದದ್ದು ಕೆಲಸಗಾರನ ಬೆರಳು. ವೈರು ಕೂಡ ಅದಕ್ಕೆ ಅನುವಾಗಿತ್ತು. 1/18, 3/20, 7/20 ಎಂದು ಹಳೆಯ ವೈರ್‌ಮನ್‌ಗಳು ಹೇಳುತ್ತಿದ್ದ ಲೆಕ್ಕದಲ್ಲಿ ಮೊದಲ ಸಂಖ್ಯೆ ಎಳೆಗಳದು, ಎರಡನೆಯದು ಬ್ರಿಟಿಷ್ ಗೇಜಿನದು. 3/20 ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ ಮೂರೇ ಎಳೆ. ಅಷ್ಟು ದಪ್ಪದ ಎಳೆಗೆ ಅಲಗು ತಾಗಿದರೆ ಕೈಗೆ ತಿಳಿಯುತ್ತದೆ. ಒಂದು ಸಣ್ಣ ಗೀರಿಗೆ ಎಳೆ ತುಂಡಾಗುವುದಿಲ್ಲ.

ಸ್ಟ್ರಿಪ್ಪರ್ ನಿಜವಾಗಿ ಬಳಕೆಗೆ ಬಂದದ್ದು ಪಿವಿಸಿಯಿಂದ. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ 1926ರಲ್ಲಿ ಬಿರುಸಾದ ಪಿವಿಸಿಯನ್ನು ಮೆದುಗೊಳಿಸುವ ದಾರಿ ಕಂಡುಕೊಂಡ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಮನೆವೈರಿನಲ್ಲಿ ರಬ್ಬರಿನ ಜಾಗವನ್ನು ಪಿವಿಸಿ ಹಿಡಿಯಿತು. ಇದು ತಾಮ್ರಕ್ಕೆ ರಬ್ಬರಿನಂತೆ ಅಂಟುವುದಿಲ್ಲ, ಯಂತ್ರದಿಂದ ಸುತ್ತಲೂ ಒಂದೇ ದಪ್ಪದಲ್ಲಿ ಹೊರಬರುತ್ತದೆ. ಸುತ್ತ ಒಂದು ಗೆರೆ ಕೊಯ್ದು ಎಳೆದರೆ ಕೊಳವೆಯಂತೆ ಕಳಚುತ್ತದೆ. ಹೊದಿಕೆಯ ದಪ್ಪ ಮೊದಲೇ ಗೊತ್ತಿದ್ದಮೇಲೆ ಅಲಗಿನ ನಿಲುಗಡೆಯನ್ನು ಬೆರಳಿಗೆ ಬಿಡಬೇಕಿಲ್ಲ, ಉಪಕರಣದಲ್ಲೇ ಕೂರಿಸಬಹುದು. ಮೊದಲ ದಾರಿ, ಎರಡು ಅಲಗುಗಳ ನಡುವೆ ತಿರುಪು ಇಟ್ಟು ಎಷ್ಟು ಮುಚ್ಚಬೇಕೆಂದು ಹೊಂದಿಸುವುದು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈಗಲೂ ಹೆಚ್ಚು ಮಾರಾಟವಾಗುವ ಅಗ್ಗದ ಸ್ಟ್ರಿಪ್ಪರ್ ಅದೇ. ಎರಡನೆಯದು ಅಳತೆಗೊಂದರಂತೆ ಸಾಲಾಗಿ ಕೊರೆದ ರಂಧ್ರಗಳು. ಮೂರನೆಯದು ಒಂದು ದವಡೆ ವೈರನ್ನು ಹಿಡಿದು ಇನ್ನೊಂದು ಕೊಯ್ದು ಎಳೆಯುವ ಜೋಡಿ ದವಡೆಯ ಮಾದರಿ. ಅದರಿಂದ ಬೆಳೆದದ್ದು, ವೈರಿನ ದಪ್ಪಕ್ಕೆ ತಾನೇ ಹೊಂದಿಕೊಳ್ಳುವ ಇಂದಿನ ಸ್ವಯಂಹೊಂದಾಣಿಕೆಯ ಸ್ಟ್ರಿಪ್ಪರ್.

ಭಾರತದ ದಾರಿ ಇಲ್ಲಿ ಸ್ವಲ್ಪ ಬೇರೆ. ಅಮೆರಿಕದ ಮರದ ಚೌಕಟ್ಟಿನ ಮನೆಗಳಲ್ಲಿ ಎರಡು ವೈರು ಮತ್ತು ಒಂದು ಬರಿಯ ಅರ್ಥ್ ತಂತಿಯನ್ನು ಒಂದೇ ಹೊರಕವಚದಲ್ಲಿ ಸೇರಿಸಿದ ಚಪ್ಪಟೆ ಕೇಬಲ್ ಓಡುತ್ತದೆ. ಅದಕ್ಕಾಗಿ ಅಲ್ಲಿಯ ಸ್ಟ್ರಿಪ್ಪರಿನಲ್ಲಿ ಹೊರಕವಚ ಸೀಳುವ ಚಪ್ಪಟೆ ಕಿಂಡಿಗಳೂ ಇರುತ್ತವೆ. ನಮ್ಮಲ್ಲಿ ಗೋಡೆಯ ಮೇಲಿನ ಮರದ ಪಟ್ಟಿಗೆ ವೈರು ಬಿಗಿಯುವ ಬ್ಯಾಟನ್ ವೈರಿಂಗ್ ಹೋಗಿ ಕಾನ್ಸೀಲ್ಡ್ ವೈರಿಂಗ್ ಬಂದಮೇಲೆ ಗೋಡೆಯೊಳಗಿನ ಪೈಪಿನಲ್ಲಿ ಬಿಡಿಬಿಡಿ ವೈರುಗಳೇ ಓಡುತ್ತವೆ. ಆ ಕಿಂಡಿಗಳಿಗೆ ಕೆಲಸವಿಲ್ಲ. ನಡುವೆ ತಾಮ್ರದ ಅಭಾವದಿಂದ ಅಲ್ಯೂಮಿನಿಯಂ ಕಾಲವೊಂದು ಬಂತು. 1/1.40, 1/1.80 ಮಿಲಿಮೀಟರ್ ಎಂಬ ಒಂಟಿ ಎಳೆಯ ಆ ವೈರುಗಳು ಹಳೆಯ ಮನೆಗಳಲ್ಲಿ ಇನ್ನೂ ಇವೆ. ಮೇಲೆ ಗೀರು ಬಿದ್ದ ಅಲ್ಯೂಮಿನಿಯಂ ಎರಡು ಮೂರು ಸಲ ಬಗ್ಗಿಸುವಷ್ಟರಲ್ಲಿ ಮುರಿಯುತ್ತದೆ. ಹಳೆಯ ಮನೆಯಲ್ಲಿ ಸ್ವಿಚ್ ಬದಲಿಸುವವರು ಇದನ್ನು ಮರೆಯಬಾರದು, ಏಕೆಂದರೆ ಮುರಿದ ತುದಿಗೆ ಸೇರಿಸಲು ಪೈಪಿನೊಳಗೆ ಹೆಚ್ಚುವರಿ ವೈರು ಉಳಿದಿರುವುದಿಲ್ಲ. ಈಗಿನ ತಾಮ್ರದ ವೈರಿನಲ್ಲಿ ಕೂದಲಿನಂಥ ಎಳೆಗಳಿವೆ: 1.5ರಲ್ಲಿ 0.3 ಮಿಲಿಮೀಟರಿನ 22 ಎಳೆ, 2.5ರಲ್ಲಿ 36, 4ರಲ್ಲಿ 56. ಪೈಪಿನ ಬೆಂಡಿನಲ್ಲಿ ಈ ವೈರು ಸಲೀಸಾಗಿ ನುಗ್ಗುತ್ತದೆ. ಆದರೆ ಅಲಗು ತಾಗಿದರೆ 0.3 ಮಿಲಿಮೀಟರಿನ ಎಳೆ ಬರಿಯ ಗೀರಿಗೆ ನಿಲ್ಲದೆ ಎಷ್ಟೋ ಸಲ ತುಂಡೇ ಆಗುತ್ತದೆ, ಅದೂ ಕೈಗೆ ತಿಳಿಯದಂತೆ. ವೈರು ಹೀಗೆ ಬದಲಾದಾಗಲೇ ಬೆರಳಿನ ಅಂದಾಜಿನ ಕಾಲ ಮುಗಿಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯಲ್ಲಿ ಹೆಚ್ಚು ಜನ ಎಡವುವುದು ರಂಧ್ರಗಳ ಅಳತೆಯಲ್ಲಿ. ನಮ್ಮ ವೈರು ಚದರ ಮಿಲಿಮೀಟರಿನದು. ಆಮದಾಗಿ ಬರುವ ಅನೇಕ ಸ್ಟ್ರಿಪ್ಪರ್‌ಗಳ ಮೇಲೆ ಕೊರೆದಿರುವುದು ಅಮೆರಿಕನ್ ಗೇಜ್. ಆ ಗೇಜಿನಲ್ಲಿ ಸಂಖ್ಯೆ ಇಳಿದಷ್ಟೂ ವೈರು ದಪ್ಪ. 14 ಗೇಜ್ ಅಂದರೆ 2.08 ಚದರ ಮಿಲಿಮೀಟರ್, 12 ಗೇಜ್ ಅಂದರೆ 3.31. ನಮ್ಮ 2.5 ಈ ಎರಡರ ನಡುವೆ ಬೀಳುತ್ತದೆ, 14ಕ್ಕೇ ಹತ್ತಿರ. ಕೋಷ್ಟಕ ನೋಡಿದವರು ಸಹಜವಾಗಿ 14ರ ರಂಧ್ರಕ್ಕೆ ವೈರು ಇಡುತ್ತಾರೆ. ಆದರೆ ರಂಧ್ರಕ್ಕೆ ಬೇಕಾದದ್ದು ವ್ಯಾಸ, ವಿಸ್ತೀರ್ಣವಲ್ಲ. 14 ಗೇಜಿನ ಒಂಟಿ ಎಳೆಯ ತಂತಿಯ ವ್ಯಾಸ ಸುಮಾರು 1.63 ಮಿಲಿಮೀಟರ್. 36 ಸಣ್ಣ ಎಳೆಗಳನ್ನು ಒಟ್ಟಿಗೆ ಹೊಸೆದಾಗ ನಡುನಡುವೆ ಸಂದು ಉಳಿಯುವುದರಿಂದ ಆ ಕಟ್ಟಿನ ವ್ಯಾಸ 2 ಮಿಲಿಮೀಟರನ್ನು ದಾಟುತ್ತದೆ. ಹಾಗೆ ಇಟ್ಟ ವೈರಿನ ಹೊರಸುತ್ತಿನ ಎಳೆಗಳು ಸಿಪ್ಪೆಯ ಜೊತೆಗೇ ಹೋಗುತ್ತವೆ. ಇದರಲ್ಲಿ ಉಪಕರಣದ ತಪ್ಪಿಲ್ಲ, ಅದನ್ನು ಮಾಡಿದ್ದು ಬೇರೊಂದು ವೈರಿಗೆ. ಒಂಟಿ ಎಳೆಗೆ ಒಂದು, ಹಲವು ಎಳೆಗೆ ಇನ್ನೊಂದು ಎಂದು ಎರಡು ಸಾಲು ಸಂಖ್ಯೆ ಇರುವ ಸ್ಟ್ರಿಪ್ಪರಿನಲ್ಲಿ ಹಲವು ಎಳೆಯ 12ರ ರಂಧ್ರ ನಮ್ಮ 2.5ಕ್ಕೆ ಹೊಂದುತ್ತದೆ. ಅಷ್ಟೆಲ್ಲ ಲೆಕ್ಕ ಹಾಕುವ ಬದಲು ಚದರ ಮಿಲಿಮೀಟರ್ ಕೊರೆದಿರುವ ಸ್ಟ್ರಿಪ್ಪರ್ ಕೊಳ್ಳುವುದು ನೇರ ದಾರಿ.

ನಾಲ್ಕು ಎಳೆ ಹೋದರೇನು, ಇನ್ನೂ ಮೂವತ್ತೆರಡು ಇವೆಯಲ್ಲ ಎಂಬ ಆಕ್ಷೇಪ ಹಗುರವಾದುದಲ್ಲ. ವಿದ್ಯುತ್ ಲೆಕ್ಕದಿಂದ ನೋಡಿದರೆ ಅದರಲ್ಲಿ ನಿಜವೂ ಇದೆ. ತಾಮ್ರ ಸಣ್ಣಗಾಗುವುದು ಕೆಲವೇ ಮಿಲಿಮೀಟರ್ ಉದ್ದದಲ್ಲಿ. ಅಲ್ಲಿ ಹೆಚ್ಚುವ ರೋಧ ನಗಣ್ಯ, ಹುಟ್ಟುವ ಶಾಖ ಅಕ್ಕಪಕ್ಕದ ದಪ್ಪ ತಾಮ್ರಕ್ಕೆ ಹರಿದುಹೋಗುತ್ತದೆ. ನಾಲ್ಕು ಎಳೆ ಕಡಿದ ಮಾತ್ರಕ್ಕೆ ಬೆಂಕಿ ಹತ್ತುತ್ತದೆ ಎನ್ನುವುದು ಅತಿ. ಅಪಾಯ ಇರುವುದು ಬೇರೆಡೆ. ಅಲಗು ತಾಗುವುದು ಹೊದಿಕೆ ಮುಗಿಯುವ ಅಂಚಿನಲ್ಲಿ. ಸ್ವಿಚ್ ಪ್ಲೇಟನ್ನು ಬಾಕ್ಸಿನೊಳಗೆ ಒತ್ತುವಾಗ ವೈರು ಬಾಗುವುದೂ ಅಲ್ಲಿಯೇ. ಪೂರ್ತಿ ತುಂಡಾಗದೆ ಗೀರು ಬಿದ್ದ ಎಳೆಗಳು ಮುಂದಿನ ಸಲ ಪ್ಲೇಟ್ ಬಿಚ್ಚಿದಾಗ ಒಂದೊಂದಾಗಿ ಮುರಿಯುತ್ತವೆ. ಮುರಿದ ಎಳೆಗಳು ಪಕ್ಕದ ಟರ್ಮಿನಲ್‌ಗೆ ಚಾಚಿಕೊಳ್ಳಬಹುದು. ಕಟ್ಟು ಸಣ್ಣದಾಗಿ ತಿರುಪಿನ ಹಿಡಿತ ಸಡಿಲಾಗಬಹುದು. 230 ವೋಲ್ಟಿನಲ್ಲಿ 3 ಕಿಲೋವ್ಯಾಟಿನ ಗೀಸರ್ ಎಳೆಯುವುದು 13 ಆಂಪಿಯರ್. ಸಡಿಲವಾದ ತಿರುಪಿನಲ್ಲಿ ಓಮಿನ ಹತ್ತನೇ ಒಂದು ಭಾಗದಷ್ಟು ರೋಧ ಹುಟ್ಟಿದರೂ ಸ್ವಿಚ್ಚಿನೊಳಗೆ ಒಂದೇ ಬಿಂದುವಿನಲ್ಲಿ ಸುಮಾರು 17 ವ್ಯಾಟ್ ಶಾಖವಾಗುತ್ತದೆ. ಸಾಮಾನ್ಯ ಪಿವಿಸಿ ವೈರು ತಡೆಯುವುದು 70 ಡಿಗ್ರಿಯವರೆಗೆ. ಇಲ್ಲಿ ಕರೆಂಟು ಹೆಚ್ಚಾಗದೇ ಇರುವುದರಿಂದ ಎಂಸಿಬಿ ಬೀಳುವುದಿಲ್ಲ ಎಂಬುದೇ ನನಗೆ ಎಲ್ಲಕ್ಕಿಂತ ಆತಂಕದ ಸಂಗತಿ. ಪ್ಲಾಸ್ಟಿಕ್ ಕಂದಾಗಿ ವಾಸನೆ ಬಂದಮೇಲಷ್ಟೇ ಮನೆಯವರಿಗೆ ತಿಳಿಯುತ್ತದೆ.

ಇನ್ನೊಂದು ಮಾತು, ಪಳಗಿದ ಕೈಗೆ ಕಟಿಂಗ್ ಪ್ಲೇಯರ್ ಸಾಕು ಎಂಬುದು. ಪಳಗಿದ ಕೈಯ ಬಗ್ಗೆ ಗೌರವವಿಟ್ಟೇ ಹೇಳಬೇಕಾದದ್ದಿದೆ. ಕಟ್ಟುತ್ತಿರುವ ಮನೆಯೊಂದರಲ್ಲಿ ಸುಲಿಯಬೇಕಾದ ತುದಿಗಳು ನೂರಾರು. ಸಂಜೆಯ ಮಬ್ಬಿನಲ್ಲಿ, ಏಣಿಯ ಮೇಲೆ, ತಲೆಯೆತ್ತಿ ಸೀಲಿಂಗ್ ರೋಸಿಗೆ ವೈರು ಕೂರಿಸುವಾಗ ಬೆಳಗಿನ ಹದ ಕೈಯಲ್ಲಿ ಇರುವುದಿಲ್ಲ. ಹಲವು ಕಡೆ ಸುಲಿಯುವ ಕೆಲಸ ಬೀಳುವುದು ಕಲಿಯಲು ಬಂದ ಹುಡುಗನ ಪಾಲಿಗೆ, ಅವನು ಹಲ್ಲಿನಿಂದ ಎಳೆಯುವುದೂ ಉಂಟು. ಲೈಟರ್‌ನಿಂದ ಸುಡುವುದಂತೂ ಕೂಡದು: ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ, ತಾಮ್ರದ ಮೇಲೆ ಮಸಿ ಕೂರುತ್ತದೆ. ಬೆಲೆಯ ಪ್ರಶ್ನೆಯೂ ದೊಡ್ಡದಲ್ಲ, 90 ಮೀಟರಿನ ಒಂದು ಸುರುಳಿ 2.5 ವೈರಿಗಿಂತ ಕಡಿಮೆ ಹಣಕ್ಕೆ ಒಳ್ಳೆಯ ಸ್ಟ್ರಿಪ್ಪರ್ ಸಿಗುತ್ತದೆ.

ಹಾಗಾದರೆ ಎಲ್ಲರೂ ಸ್ವಯಂಹೊಂದಾಣಿಕೆಯದನ್ನೇ ಕೊಳ್ಳಬೇಕೆ? ಬಿಡಿ ವೈರಿನ ಹೊಸ ವೈರಿಂಗಿಗೆ, 1ರಿಂದ 4 ಚದರ ಮಿಲಿಮೀಟರಿನವರೆಗೆ, ನನ್ನ ಉತ್ತರ ಹೌದು. ಅದರಲ್ಲಿ ಸುಲಿಯುವ ಉದ್ದಕ್ಕೆ ಒಂದು ತಡೆ ಇರುತ್ತದೆ. ಎಲ್ಲ ತುದಿಗಳೂ ಒಂದೇ ಅಳತೆಗೆ ಬರುವುದು ಎಳೆ ಉಳಿಯುವಷ್ಟೇ ಮುಖ್ಯ. ಹೆಚ್ಚು ಸುಲಿದರೆ ಬರಿಯ ತಾಮ್ರ ಟರ್ಮಿನಲ್‌ನಿಂದ ಹೊರಗೆ ಇಣುಕುತ್ತದೆ, ಕಡಿಮೆ ಸುಲಿದರೆ ತಿರುಪು ಹೊದಿಕೆಯನ್ನೇ ಕಚ್ಚಿ ನಿಲ್ಲುತ್ತದೆ. ಆದರೆ ಈ ಮಾದರಿಗೂ ಮಿತಿಯಿದೆ. ಅದರ ಒತ್ತಡದ ಹೊಂದಾಣಿಕೆ ಪಿವಿಸಿಯ ಹದಕ್ಕೆ ಇರುತ್ತದೆ. ಹೊಗೆ ಕಡಿಮೆ ಮಾಡುವ, ಹ್ಯಾಲೊಜನ್ ಇಲ್ಲದ ಹೊಸ ಹೊದಿಕೆಗಳು ಬೇರೆ ಗುಣದವು. ಕೆಲವು ಕೊಯ್ಯುವ ಬದಲು ಜಗ್ಗಿಕೊಂಡು ಹರಿಯುತ್ತವೆ, ಆಗ ಒತ್ತಡದ ತಿರುಪನ್ನು ಮತ್ತೆ ಹೊಂದಿಸಬೇಕು. ಹಿಡಿತದ ಹಲ್ಲುಗಳು ತೆಳು ಹೊದಿಕೆಯ ಮೇಲೆ ಗುರುತು ಬಿಡುತ್ತವೆ. ಬಾಕ್ಸಿನೊಳಗೆ ಎರಡು ಅಂಗುಲ ವೈರಷ್ಟೇ ಉಳಿದ ದುರಸ್ತಿಯಲ್ಲಿ ಅದರ ದಪ್ಪ ಮೂತಿ ಒಳಗೆ ಹೋಗುವುದಿಲ್ಲ. ಅಲ್ಲಿ ಸಪೂರ ಮೂತಿಯ, ರಂಧ್ರಗಳ ಸ್ಟ್ರಿಪ್ಪರೇ ಬೇಕು. ಹಳೆಯ ಅಲ್ಯೂಮಿನಿಯಂ ವೈರಿಗೂ ನಾನು ರಂಧ್ರದ್ದನ್ನೇ ಆರಿಸುತ್ತೇನೆ. ಹಿಡಿಯ ಮೇಲಿನ ಬಣ್ಣದ ಪ್ಲಾಸ್ಟಿಕ್ಕನ್ನು ಶಾಕ್‌ನಿಂದ ರಕ್ಷಣೆ ಎಂದು ನಂಬಬಾರದು. 1000 ವೋಲ್ಟಿನ ಅಂತರರಾಷ್ಟ್ರೀಯ ಗುರುತು ಇಲ್ಲದಿದ್ದರೆ ಅದು ಬರಿಯ ಹಿಡಿತಕ್ಕೆ. ಗುರುತು ಇದ್ದರೂ ಮೇನ್ ಸ್ವಿಚ್ ಇಳಿಸಿ, ಕರೆಂಟಿಲ್ಲ ಎಂದು ಪರೀಕ್ಷಿಸಿಯೇ ವೈರಿಗೆ ಕೈ ಹಾಕಬೇಕು.

ಕೊಳ್ಳುವ ಮುನ್ನ ಪರೀಕ್ಷಿಸುವುದು ಸುಲಭ. ಮನೆಗೆ ಹಾಕುವ ವೈರಿನದೇ ಅರ್ಧ ಮೀಟರ್ ತುಂಡನ್ನು ಅಂಗಡಿಗೆ ಒಯ್ಯಬೇಕು. ತುದಿಯನ್ನು ಹತ್ತು ಸಲ ಸುಲಿದು, ಪ್ರತಿ ಸಲವೂ ಕಳಚಿದ ಸಿಪ್ಪೆಯೊಳಗೆ ತಾಮ್ರದ ಚೂರು ಉಳಿದಿದೆಯೇ ಎಂದು ಇಣುಕಬೇಕು. ಆಮೇಲೆ ಕೊನೆಯ ತುದಿಯ ಎಳೆಗಳನ್ನು ಬೀಸಣಿಗೆಯಾಗಿ ಬಿಡಿಸಿ, ಬುಡದಲ್ಲಿ ಹೊಳೆಯುವ ಗೀರು ಇದೆಯೇ ನೋಡಿ ಎಣಿಸಬೇಕು. 2.5ರ ವೈರಿನಲ್ಲಿ 36 ಸಿಗಬೇಕು.