ಬ್ಯಾಕ್‌ಸ್ಪೇಸ್ ಒತ್ತಿದ್ರೂ ಯಾಕೆ ಅಳಿಸ್ಲಿಲ್ಲ? ಕಪ್ಪು ಪರದೆಯ 60 ವರ್ಷದ ಕಥೆ

ಭಾಗ 1/7: ಮೂರು ಸಲ ತಪ್ಪು ಪಾಸ್‌ವರ್ಡ್

ಕಾಮರ್ಸ್‌ನವರೇ, ಟೈಟಲ್ ನೋಡಿ ಸ್ಕ್ರೋಲ್ ಮಾಡಿ ಹೋಗ್ಬೇಡಿ. ಈ ಸೀರೀಸ್ ನಿಮಗೇ.

ಹೋದ ಮಾರ್ಚ್ ಕೊನೆ ವಾರ. ನಾನು ಒಂದು ಆಡಿಟ್ ಆಫೀಸಲ್ಲಿ ಇಂಟರ್ನ್. ಇಯರ್ ಎಂಡಿಂಗ್ ಗಲಾಟೆ ಹೇಗಿರುತ್ತೆ ಅಂತ ಗೊತ್ತಲ್ಲ. ಅಲ್ಲಿನ ಹಳೇ ಲೆಕ್ಕದ ಪ್ರೋಗ್ರಾಂ ಒಂದು ಲಿನಕ್ಸ್ ಸರ್ವರ್ ಮೇಲೆ ಓಡುತ್ತೆ. ಮೌಸ್ ಇಲ್ಲ, ಬಟನ್ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ.

ಪಾಸ್‌ವರ್ಡ್ ಹಾಕುವಾಗ ಒಂದಕ್ಷರ ತಪ್ಪಾಯ್ತು. ಬ್ಯಾಕ್‌ಸ್ಪೇಸ್ ಒತ್ತಿ ಸರಿಮಾಡಿ ಎಂಟರ್ ಕೊಟ್ಟೆ. 'ತಪ್ಪು ಪಾಸ್‌ವರ್ಡ್' ಅಂತು. ಗಾಬರಿಗೆ ಕೈ ನಡುಗಿ ಮತ್ತೆ ತಪ್ಪಾಯ್ತು, ಮತ್ತೆ ಬ್ಯಾಕ್‌ಸ್ಪೇಸ್. ಮೂರನೇ ಸಲಕ್ಕೆ ಅಕೌಂಟ್ ಲಾಕ್.

"ಕಮಾಂಡ್ ಲೈನ್ ಎಲ್ಲ ಬಿಕಾಂನವರಿಗೆ ಆಗಲ್ಲಮ್ಮ, ನೀನು ವೋಚರ್ ನೋಡು," ಅಂದ್ರು ಸರ್. ಬೈಲಿಲ್ಲ, ಮೆತ್ತಗೆ ಹೇಳಿದ್ರು. ಅದಕ್ಕೇ ಜಾಸ್ತಿ ನೋವಾಯ್ತು.

ಸಿಸ್ಟಮ್ ನೋಡ್ಕೊಳ್ಳೋ ಅಣ್ಣ ಬಂದು ಲಾಕ್ ತೆಗೆದ್ರು. ಈ ಸಲ ಯೂಸರ್ ನೇಮ್ ಜಾಗದಲ್ಲೇ ತಪ್ಪು ಮಾಡಿ ಬ್ಯಾಕ್‌ಸ್ಪೇಸ್ ಒತ್ತಿದೆ. ಅಕ್ಷರ ಅಳಿಸೋ ಬದಲು ^? ಅಂತ ಎರಡು ಚಿಹ್ನೆ ಬಂತು. ಆಗ ಅರ್ಥವಾಯ್ತು: ಪಾಸ್‌ವರ್ಡ್ ಜಾಗದಲ್ಲಿ ಏನೂ ಕಾಣಲ್ಲ, ಆದ್ರೆ ಅಲ್ಲೂ ಇದೇ ಆಗಿತ್ತು. ನಾನು ಅಳಿಸಿದ್ದು ಅಂದ್ಕೊಂಡ ಪ್ರತಿ ಸಲವೂ ಪಾಸ್‌ವರ್ಡ್‌ಗೆ ಇನ್ನೊಂದು ಅಕ್ಷರ ಸೇರ್ತಿತ್ತು.

"ನಿನ್ನ ಕೀಬೋರ್ಡ್ ಒಂದು ಹೇಳ್ತಿದೆ, ಸರ್ವರ್ ಇನ್ನೊಂದಕ್ಕೆ ಕಾಯ್ತಿದೆ. ಯಾಕೆ ಅಂತ ನೀನೇ ಹುಡುಕಮ್ಮ," ಅಂದ್ರು ಅಣ್ಣ.

ಹುಡುಕಿದೆ. ಹೋಗಿ ತಲುಪಿದ್ದು 1963ಕ್ಕೆ.

ಭಾಗ 2/7: ತೂತನ್ನು ಅಳಿಸೋದು ಹೇಗೆ?

1963ರಲ್ಲಿ ಅಮೆರಿಕದಲ್ಲಿ ಎರಡು ವಿಷಯ ಆಯ್ತು. ಒಂದು, ಆಸ್ಕಿ ಅನ್ನೋ ಅಕ್ಷರ ಸಂಕೇತದ ಮೊದಲ ಆವೃತ್ತಿ ಬಂತು. ಪ್ರತಿ ಅಕ್ಷರಕ್ಕೂ 0ಯಿಂದ 127ರ ಒಳಗೆ ಒಂದು ನಂಬರ್. ಎರಡು, ಟೆಲಿಟೈಪ್ ಕಾರ್ಪೊರೇಶನ್ 'ಮಾಡೆಲ್ 33' ಅನ್ನೋ ಯಂತ್ರ ತಂತು. ನೋಡೋಕೆ ದೊಡ್ಡ ಟೈಪ್‌ರೈಟರ್ ತರ. ನೀವು ಒತ್ತಿದ ಅಕ್ಷರ ತಂತಿಯಲ್ಲಿ ಆಚೆ ಹೋಗುತ್ತೆ, ಆಚೆಯಿಂದ ಬಂದಿದ್ದು ಕಾಗದದ ಮೇಲೆ ಅಚ್ಚಾಗುತ್ತೆ. ವೇಗ ಸೆಕೆಂಡಿಗೆ 10 ಅಕ್ಷರ. ಪರದೆ ಅನ್ನೋದೇ ಇಲ್ಲ.

ಇದರ ಒಂದು ಮಾದರಿಯ ಪಕ್ಕದಲ್ಲಿ ಕಾಗದದ ಟೇಪ್ ಇರ್ತಿತ್ತು. ಟೈಪ್ ಮಾಡಿದ್ದೆಲ್ಲ ತೂತಾಗಿ ಟೇಪ್ ಮೇಲೆ ಉಳಿಯುತ್ತೆ. ಸರಿ, ತಪ್ಪು ತೂತು ಬಿದ್ರೆ? ತೂತನ್ನು ಮುಚ್ಚೋಕಾಗಲ್ಲ. ಅದಕ್ಕೆ ಟೇಪನ್ನು ಒಂದು ಹೆಜ್ಜೆ ಹಿಂದೆ ಸರಿಸಿ 'ರಬ್‌ಔಟ್' ಕೀ ಒತ್ತೋರು. ಅದು ಆ ಸಾಲಿನ ಎಲ್ಲಾ ಜಾಗಕ್ಕೂ ತೂತು ಹೊಡೆಯುತ್ತೆ. ಎಲ್ಲಾ ತೂತು ಇದ್ರೆ 'ಇದನ್ನು ಲೆಕ್ಕಕ್ಕೆ ತಗೋಬೇಡ' ಅಂತ ಅರ್ಥ.

ಏಳು ಬಿಟ್ಟಿನಲ್ಲಿ ಎಲ್ಲವೂ 1 ಆದ್ರೆ ಬರೋ ನಂಬರ್ 127. ಇದೇ ಡಿಲೀಟ್ ಸಂಕೇತ. ನಮ್ಮ ಲೆಡ್ಜರ್ ನೆನಪಾಗ್ಲಿಲ್ವಾ? ತಪ್ಪು ಎಂಟ್ರಿಯನ್ನು ರಬ್ಬರ್ ಹಾಕಿ ಉಜ್ಜಬಾರದು, ಗೆರೆ ಎಳೆದು ಹೊಡೆದುಹಾಕ್ಬೇಕು ಅಂತ ಫಸ್ಟ್ ಸೆಮ್‌ನಲ್ಲೇ ಹೇಳಿಕೊಡ್ತಾರಲ್ಲ, ಅದೇ ಬುದ್ಧಿ.

ಇನ್ನೊಂದು ಸಂಕೇತವೂ ಇತ್ತು, ನಂಬರ್ 8, ಬ್ಯಾಕ್‌ಸ್ಪೇಸ್. ಅದರ ಅರ್ಥ 'ಒಂದು ಜಾಗ ಹಿಂದಕ್ಕೆ ಸರಿ' ಅಂತ ಮಾತ್ರ. ಅಳಿಸು ಅಂತಲ್ಲ. ಈ ಎರಡನ್ನೂ ನೆನಪಿಟ್ಕೊಳ್ಳಿ: 8 ಮತ್ತು 127. ನನ್ನ ಅಕೌಂಟ್ ಲಾಕ್ ಆಗಿದ್ದು ಇವರಿಬ್ಬರ ಜಗಳದಿಂದ.

ಭಾಗ 3/7: ಅಮ್ಮನ ಟೈಪಿಂಗ್ ಕ್ಲಾಸ್ ಮತ್ತು ಮೆಟ್ಟಿಲು

ನಮ್ಮಮ್ಮ ಟೈಪಿಂಗ್ ಜೂನಿಯರ್ ಪಾಸ್. ಅವರ ಕಾಲದಲ್ಲಿ ಊರಿಗೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಸಾಲು ಮುಗಿಯೋ ಹೊತ್ತಿಗೆ ಟಿಂಗ್ ಅಂತ ಗಂಟೆ, ಆಮೇಲೆ ಎಡಗೈಯಲ್ಲಿ ಲಿವರ್ ತಳ್ಳೋದು. ಒಂದೇ ತಳ್ಳಿಗೆ ಎರಡು ಕೆಲಸ: ಕಾಗದ ಒಂದು ಸಾಲು ಮೇಲೆ ಸರಿಯುತ್ತೆ, ಕ್ಯಾರೇಜ್ ಸಾಲಿನ ಶುರುವಿಗೆ ವಾಪಸ್ ಬರುತ್ತೆ.

ಟೆಲಿಟೈಪ್‌ನಲ್ಲಿ ಇವೆರಡೂ ಬೇರೆ ಬೇರೆ ಸಂಕೇತ. ವಾಪಸ್ ಬಾ ಅನ್ನೋದು 13, ಕಾಗದ ಸರಿಸು ಅನ್ನೋದು 10. ಅಚ್ಚಿನ ತಲೆ ವಾಪಸ್ ಬರೋಕೆ ಒಂದು ಅಕ್ಷರದ ಹೊತ್ತಿಗಿಂತ ಜಾಸ್ತಿ ಬೇಕಿತ್ತು. ಮೊದಲು 13, ಆಮೇಲೆ 10 ಕಳಿಸಿದ್ರೆ ಅಷ್ಟರಲ್ಲಿ ಬಂದು ಸೇರೋದು.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಶುರು ಮಾಡಿದಾಗ ಕೂತಿದ್ದು ಇಂಥ ಯಂತ್ರಗಳ ಮುಂದೆಯೇ. ಇವತ್ತಿಗೂ ಲಿನಕ್ಸ್‌ನಲ್ಲಿ ಟರ್ಮಿನಲ್‌ಗೆ 'ಟಿಟಿವೈ' ಅಂತಾನೇ ಹೆಸರು, ಅದು ಟೆಲಿಟೈಪ್‌ರೈಟರ್‌ನ ಮೊಟಕು ರೂಪ. ಅದನ್ನು ಸೆಟ್ ಮಾಡೋ ಕಮಾಂಡ್ 'ಎಸ್‌ಟಿಟಿವೈ'.

ಯುನಿಕ್ಸ್ ಫೈಲ್‌ನಲ್ಲಿ ಸಾಲಿನ ಕೊನೆಗೆ 10 ಒಂದೇ ಇಡುತ್ತೆ. ಟರ್ಮಿನಲ್‌ಗೆ ಕಳಿಸುವಾಗ ಜೊತೆಗೆ 13 ಸೇರಿಸೋದು ಕರ್ನಲ್‌ನ ಕೆಲಸ. ಯಾವುದಾದ್ರೂ ಪ್ರೋಗ್ರಾಂ ಅರ್ಧಕ್ಕೆ ಸತ್ತು ಆ ಸೆಟ್ಟಿಂಗ್ ಆಫ್ ಆಗಿಬಿಟ್ರೆ? ಪ್ರತಿ ಸಾಲೂ ಹಿಂದಿನ ಸಾಲು ಮುಗಿದ ಜಾಗದ ಕೆಳಗೇ ಶುರುವಾಗುತ್ತೆ. ಪರದೆ ತುಂಬ ಮೆಟ್ಟಿಲು ಮೆಟ್ಟಿಲು. ಅಮ್ಮನಿಗೆ ಫೋಟೋ ತೋರಿಸಿದೆ. "ಕಾಗದ ಸರಿದಿದೆ, ಕ್ಯಾರೇಜ್ ಬಂದಿಲ್ಲ," ಅಂದ್ರು. ಕಂಪ್ಯೂಟರ್ ಮುಟ್ಟದವರು ಒಂದೇ ನೋಟಕ್ಕೆ ಹೇಳಿಬಿಟ್ರು!

ಭಾಗ 4/7: 8 ಮತ್ತು 127ರ ಜಗಳ

ಕಾಗದದ ಮೇಲೆ ಅಚ್ಚಾದ ಅಕ್ಷರ ಅಳಿಸೋಕಾಗಲ್ಲ. ಅದಕ್ಕೆ ಮೊದಲಿನ ಯುನಿಕ್ಸ್‌ನಲ್ಲಿ # ಒತ್ತಿದ್ರೆ 'ಹಿಂದಿನ ಅಕ್ಷರ ಬಿಡು' ಅಂತ, @ ಒತ್ತಿದ್ರೆ 'ಇಡೀ ಸಾಲು ಬಿಡು' ಅಂತ. ನಾವು ಇಲ್ಲಿ ಹ್ಯಾಶ್‌ಟ್ಯಾಗ್ ಹಾಕಿ, ಫ್ರೆಂಡ್ಸ್‌ನ ಟ್ಯಾಗ್ ಮಾಡ್ತೀವಲ್ಲ, ಆಗ ಅವೇ ಎರಡು ಚಿಹ್ನೆ ರಬ್ಬರ್ ಆಗಿದ್ವು.

1970ರ ದಶಕದಲ್ಲಿ ಗಾಜಿನ ಪರದೆ ಬಂತು. ಈಗ ನಿಜವಾಗಿ ಅಳಿಸಬಹುದು. ಆದ್ರೆ ಅಳಿಸೋ ಕೀ ಯಾವ ನಂಬರ್ ಕಳಿಸ್ಬೇಕು? ಡೆಕ್ ಕಂಪನಿಯ ವಿಟಿ100ರಲ್ಲಿ (1978) ಎರಡೂ ಕೀ ಇದ್ವು: ಬ್ಯಾಕ್‌ಸ್ಪೇಸ್ ಒತ್ತಿದ್ರೆ 8, ಡಿಲೀಟ್ ಒತ್ತಿದ್ರೆ 127. 1983ರ ವಿಟಿ220ರಲ್ಲಿ ಈಗಿನ ಬ್ಯಾಕ್‌ಸ್ಪೇಸ್ ಜಾಗದಲ್ಲಿದ್ದ ಕೀ ಕಳಿಸಿದ್ದು 127. ಅತ್ತ 1981ರ ಐಬಿಎಂ ಪಿಸಿಯಲ್ಲಿ ಅದೇ ಜಾಗದ ಕೀಗೆ 8. ಒಂದೇ ಜಾಗ, ಒಂದೇ ಉದ್ದೇಶ, ಎರಡು ನಂಬರ್. ಲಿನಕ್ಸ್‌ನಲ್ಲಿ ಕೊನೆಗೆ 127 ಗೆದ್ದಿತು. ಡೆಬಿಯನ್‌ನವರು ಇದನ್ನು ತಮ್ಮ ನಿಯಮಾವಳಿಯಲ್ಲೇ ಬರೆದಿಟ್ಟಿದ್ದಾರೆ.

ಇನ್ನು ಆ ^? ಏನು? ಕಾಣದ ಸಂಕೇತವನ್ನು ಕಾಣೋ ಹಾಗೆ ಬರೆಯೋ ಪದ್ಧತಿ ಅದು. ಅಕ್ಷರದ ನಂಬರ್‌ಗೂ ಸಂಕೇತದ ನಂಬರ್‌ಗೂ 64ರ ವ್ಯತ್ಯಾಸ. ಎಚ್ ಅಕ್ಷರ 72, ಅದರಲ್ಲಿ 64 ಕಳೆದ್ರೆ 8. ಹಾಗಾಗಿ 8ನ್ನು ^ಎಚ್ ಅಂತ ತೋರಿಸ್ತಾರೆ. ಪ್ರಶ್ನೆ ಚಿಹ್ನೆ 63, ಅದಕ್ಕೆ 64 ಕೂಡಿದ್ರೆ 127. ಅಂದ್ರೆ ^? ಬಂದ್ರೆ 'ನಿನ್ನ ಕೀಬೋರ್ಡ್ 127 ಕಳಿಸ್ತಿದೆ, ನಾನು ಅದನ್ನು ಅಳಿಸು ಅಂತ ತಿಳ್ಕೊಂಡಿಲ್ಲ' ಅಂತ ಸರ್ವರ್ ಹೇಳ್ತಿದೆ. ನಾನು ಕಸ ಅಂದ್ಕೊಂಡಿದ್ದು ನಿಜವಾಗಿ ಉತ್ತರ ಆಗಿತ್ತು.

ಭಾಗ 5/7: ಸರ್ವರ್‌ಗೆ ನೀವು ಕಾಣಲ್ಲ

ಗಾಜಿನ ಟರ್ಮಿನಲ್‌ಗಳನ್ನು ಹತ್ತಾರು ಕಂಪನಿ ಮಾಡ್ತಿದ್ವು. ಪರದೆ ಒರೆಸು, ಕರ್ಸರ್ ಮೇಲೆ ತಗೊಂಡು ಹೋಗು ಅನ್ನೋದಕ್ಕೆ ಒಬ್ಬೊಬ್ಬರದ್ದು ಒಂದೊಂದು ಭಾಷೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ 1976ರಲ್ಲಿ 'ವಿಐ' ಎಡಿಟರ್ ಬರೆಯೋಕೆ ಶುರು ಮಾಡಿದ್ರು. ಅವರ ಮುಂದಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಬಾಣದ ಗುರುತು ಇತ್ತು. ವಿಐನಲ್ಲಿ ಇವತ್ತಿಗೂ ಕರ್ಸರ್ ಸರಿಸೋಕೆ ಆ ನಾಲ್ಕು ಅಕ್ಷರ ಬಳಸೋದು ಅದಕ್ಕೇ.

ಎಲ್ಲಾ ಟರ್ಮಿನಲ್‌ನಲ್ಲೂ ವಿಐ ಓಡಬೇಕಲ್ಲ? ಜಾಯ್ 'ಟರ್ಮ್‌ಕ್ಯಾಪ್' ಅನ್ನೋ ನಿಘಂಟು ಮಾಡಿದ್ರು. ಟರ್ಮಿನಲ್ ಹೆಸರು ಕೊಟ್ರೆ ಅದರ ಭಾಷೆ ಸಿಗುತ್ತೆ. 1980ರ ದಶಕದ ಶುರುವಲ್ಲಿ ಮಾರ್ಕ್ ಹಾರ್ಟನ್ ಅದರ ಮುಂದಿನ ರೂಪ 'ಟರ್ಮ್‌ಇನ್ಫೋ' ಮಾಡಿದ್ರು. ಇವತ್ತು ನಮ್ಮ ಸರ್ವರ್‌ಗಳು ನೋಡೋದು ಇದನ್ನೇ. ಹುಡುಕಬೇಕಾದ ಹೆಸರು 'ಟರ್ಮ್' ಅನ್ನೋ ವೇರಿಯಬಲ್‌ನಲ್ಲಿರುತ್ತೆ.

1995ರಲ್ಲಿ ಫಿನ್‌ಲೆಂಡಿನ ತಾತು ಇಲೋನೆನ್ ಎಸ್‌ಎಸ್‌ಎಚ್ ಬರೆದ್ರು. ದೂರದ ಸರ್ವರ್‌ಗೆ ಸುರಕ್ಷಿತವಾಗಿ ಹೋಗೋ ದಾರಿ ಅದು. ನೀವು ಟರ್ಮಿನಲ್ ತೆರೆದಾಗ ಅದು ಆಚೆಗೆ ಮೂರು ವಿಷಯ ಹೇಳುತ್ತೆ: ಟರ್ಮಿನಲ್ ಹೆಸರು, ಎಷ್ಟು ಸಾಲು ಎಷ್ಟು ಕಾಲಂ, ಅಳಿಸೋ ಕೀ ಯಾವುದು ಅನ್ನೋ ತರದ ಸೆಟ್ಟಿಂಗ್. ಸರ್ವರ್ ನಿಮ್ಮ ಕೀಬೋರ್ಡ್ ನೋಡಿಲ್ಲ, ಪರದೆ ನೋಡಿಲ್ಲ. ಹೇಳಿದ್ದನ್ನು ನಂಬುತ್ತೆ. ತಪ್ಪು ಹೇಳಿದ್ರೆ ತಪ್ಪನ್ನೇ ನಂಬುತ್ತೆ.

ಭಾಗ 6/7: ಕಂಟ್ರೋಲ್-ಎಸ್ ಒತ್ತಿ ಕೆಟ್ಟೆ

ಅದೇ ದಿನ ಸಂಜೆ ಇನ್ನೊಂದು ಎಡವಟ್ಟು. ವರ್ಷದ ಟ್ರಯಲ್ ಬ್ಯಾಲೆನ್ಸ್ ರಿಪೋರ್ಟ್ ಓಡ್ತಿತ್ತು. ಎಕ್ಸೆಲ್ ಅಭ್ಯಾಸಕ್ಕೆ, ಸೇವ್ ಆಗ್ಲಿ ಅಂತ ಕಂಟ್ರೋಲ್ ಹಿಡಿದು ಎಸ್ ಒತ್ತಿದೆ. ಪರದೆ ಕಲ್ಲಾಯ್ತು. ಏನು ಒತ್ತಿದ್ರೂ ಅಲುಗಾಡಲ್ಲ. ಸರ್ವರ್ ಹ್ಯಾಂಗ್ ಅಂದ್ಕೊಂಡು ವಿಂಡೋ ಮುಚ್ಚಿದೆ. ಒಂದು ಗಂಟೆಯ ರಿಪೋರ್ಟ್ ಹೋಯ್ತು.

ಸರ್ವರ್ ಹ್ಯಾಂಗ್ ಆಗಿರಲೇ ಇಲ್ಲ. ಟೆಲಿಟೈಪ್‌ನ ಟೇಪ್ ಓದೋ ಭಾಗವನ್ನು ನಿಲ್ಲಿಸೋ ಸಂಕೇತ ಕಂಟ್ರೋಲ್-ಎಸ್, ಮತ್ತೆ ಶುರು ಮಾಡೋದು ಕಂಟ್ರೋಲ್-ಕ್ಯು. ಆಮೇಲೆ ಅದೇ ಜೋಡಿ 'ತಾಳು, ಓದ್ತಿದ್ದೀನಿ' ಮತ್ತು 'ಹ್ಞೂ, ಮುಂದುವರಿಸು' ಅಂತ ಪರದೆಗೂ ಬಂತು. ಟೇಪ್ ಮಾಯವಾಗಿ ಎಷ್ಟೋ ವರ್ಷ ಆಯ್ತು, ಆಜ್ಞೆ ಉಳಿದಿದೆ. ಕಂಟ್ರೋಲ್-ಕ್ಯು ಒತ್ತಿದ್ರೆ ಸಾಕಿತ್ತು.

ವಿಂಡೋ ಮುಚ್ಚಿದ್ದಕ್ಕೆ ಕೆಲಸ ಯಾಕೆ ಸತ್ತಿತು? ಆಗ ದೂರದವರು ಫೋನ್ ಲೈನ್ ಮೇಲೆ ಮೋಡೆಮ್ ಇಟ್ಟು ಬರ್ತಿದ್ರು. ಲೈನ್ ಕಟ್ಟಾದ್ರೆ ಕರ್ನಲ್ ಆ ಟರ್ಮಿನಲ್‌ನ ಪ್ರೋಗ್ರಾಂಗಳಿಗೆ 'ಹ್ಯಾಂಗಪ್' ಅನ್ನೋ ಸಂದೇಶ ಕಳಿಸುತ್ತೆ: ಫೋನ್ ಇಟ್ಟರು, ಹೊರಡಿ ಅಂತ. ನಾನು ವಿಂಡೋ ಮುಚ್ಚಿದ್ದು ಸರ್ವರ್ ಪಾಲಿಗೆ ಫೋನ್ ಇಟ್ಟ ಹಾಗೆ. ಉದ್ದದ ಕೆಲಸ ಇದ್ರೆ 1987ರಿಂದ ಇರೋ 'ಸ್ಕ್ರೀನ್' ಅಥವಾ ಆಮೇಲೆ ಬಂದ 'ಟಿಮಕ್ಸ್' ಒಳಗೆ ಓಡಿಸಿ. ಲೈನ್ ಹೋದ್ರೂ ಅದು ಒಳಗೆ ನಡೀತಾ ಇರುತ್ತೆ.

ಭಾಗ 7/7: ಸಿಕ್ಕಿದ್ದು ಒಂದು ಸಾಲು

ಕಮಾಂಡ್‌ಗಳನ್ನು ಟೈಪ್ ಮಾಡಬೇಕಾದ ರೂಪದಲ್ಲೇ ಈ ಪೋಸ್ಟಿನ ಫೋಟೋಗಳಲ್ಲಿ ಹಾಕಿದ್ದೀನಿ. ಇಲ್ಲಿ ಅರ್ಥ ಮಾತ್ರ.

ಕೀ ಏನು ಕಳಿಸ್ತಿದೆ? ಕಂಟ್ರೋಲ್-ವಿ ಒತ್ತಿ, ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿ. ^? ಅಥವಾ ^ಎಚ್ ಕಾಣುತ್ತೆ.

ಸರ್ವರ್ ಯಾವುದಕ್ಕೆ ಕಾಯ್ತಿದೆ? 'ಎಸ್‌ಟಿಟಿವೈ ಮೈನಸ್ ಎ' ಕೊಟ್ಟು 'ಇರೇಸ್' ಮುಂದೆ ಏನಿದೆ ನೋಡಿ. ಎರಡೂ ಒಂದೇ ಇರಬೇಕು.

ವಿಐ ತೆರೆದ್ರೆ ಪರದೆ ಚಿಂದಿ, ಅಥವಾ 'ಗೊತ್ತಿಲ್ಲದ ಟರ್ಮಿನಲ್' ಅನ್ನೋ ದೂರು ಬಂದ್ರೆ 'ಟರ್ಮ್' ಹೆಸರು ನೋಡಿ. ಹೊಸ ಟರ್ಮಿನಲ್ ಆ್ಯಪ್‌ನ ಹೆಸರು ಹಳೇ ಸರ್ವರ್‌ನ ನಿಘಂಟಿನಲ್ಲಿ ಇಲ್ಲದಿರಬಹುದು.

ಮೆಟ್ಟಿಲು ಬಂದ್ರೆ, ಟೈಪ್ ಮಾಡಿದ್ದು ಕಾಣದಿದ್ರೆ: ಕಂಟ್ರೋಲ್-ಜೆ, ಆಮೇಲೆ 'ಎಸ್‌ಟಿಟಿವೈ ಸೇನ್', ಮತ್ತೆ ಕಂಟ್ರೋಲ್-ಜೆ. ಎಂಟರ್ ಕಳಿಸೋದು 13. ಅದನ್ನು 10 ಮಾಡೋ ಸೆಟ್ಟಿಂಗೂ ಕೆಟ್ಟಿರಬಹುದು. ಕಂಟ್ರೋಲ್-ಜೆ ನೇರವಾಗಿ 10. 'ಸೇನ್' ಅಂದ್ರೆ ತಲೆ ನೆಟ್ಟಗಿರೋ ಸ್ಥಿತಿ, ನಿಜವಾಗ್ಲೂ ಹೆಸರೇ ಅದು 😅

ನನ್ನ ಕೇಸಿನಲ್ಲಿ ಏನಾಗಿತ್ತು? ಎಸ್‌ಎಸ್‌ಎಚ್ 127 ಅಂತ ಸರಿಯಾಗೇ ಹೇಳಿತ್ತು. ಆದ್ರೆ ಲಾಗಿನ್ ಆದಾಗ ಓಡೋ ಪ್ರೊಫೈಲ್ ಫೈಲ್‌ನಲ್ಲಿ, ಇರೇಸ್ ಅನ್ನು ^ಎಚ್ ಮಾಡು ಅಂತ ಯಾರೋ ಯಾವತ್ತೋ ಬರೆದ ಒಂದು ಸಾಲಿತ್ತು. ಆವತ್ತಿನ ಯಾವುದೋ ಟರ್ಮಿನಲ್‌ಗೆ ಅದು ಬೇಕಿತ್ತೇನೋ. ಮಾಮೂಲಿ ಪ್ರಾಂಪ್ಟ್‌ನಲ್ಲಿ ತೊಂದರೆ ಗೊತ್ತಾಗ್ತಿರಲಿಲ್ಲ, ಯಾಕಂದ್ರೆ ಬ್ಯಾಶ್ ಎರಡನ್ನೂ ಒಪ್ಪುತ್ತೆ. ಲೆಕ್ಕದ ಪ್ರೋಗ್ರಾಂ ಒಳಗೆ ಹೋದ್ರೆ ಮಾತ್ರ ಕೆಡ್ತಿತ್ತು.

ಅಣ್ಣನ ಮುಂದೆಯೇ ಆ ಸಾಲಿನ ಶುರುವಿಗೆ # ಹಾಕಿದೆ. ಅಳಿಸಲಿಲ್ಲ, ಲೆಡ್ಜರ್‌ನಲ್ಲಿ ಗೆರೆ ಎಳೆದ ಹಾಗೆ. ತಪ್ಪು ಎಲ್ಲಿತ್ತು ಅಂತ ಮುಂದೆ ಬರೋರಿಗೂ ಕಾಣಲಿ. ಮಾರನೇ ದಿನ ಸರ್ ವೋಚರ್ ಕಟ್ಟು ಕೊಡಲಿಲ್ಲ. "ರಾತ್ರಿ ಬ್ಯಾಕಪ್ ಚೆಕ್ ಮಾಡೋದು ಕಲ್ತ್ಕೋತೀಯಾ?" ಅಂದ್ರು.

ನಿಮಗೂ ಯಾರಾದ್ರೂ 'ಇದು ನಿಮ್ಮ ಕೋರ್ಸಿನವರಿಗಲ್ಲ' ಅಂದ್ರೆ ಇದನ್ನು ನೆನಪಿಸ್ಕೊಳ್ಳಿ. ಆ ಪರದೆ ಹಳೇ ಯಂತ್ರಗಳಿಗೆ ಕೊಟ್ಟ ಮಾತನ್ನು ಇನ್ನೂ ಉಳಿಸಿಕೊಂಡಿದೆ, ಅಷ್ಟೇ. ಆ ಮಾತು ಯಾವುದು ಅಂತ ಕೇಳಿದ್ರೆ ಹೇಳುತ್ತೆ. ಕೇಳೋಕೆ ಇಂಜಿನಿಯರಿಂಗ್ ಸೀಟ್ ಬೇಕಿಲ್ಲ.

ಸೇವ್ ಮಾಡ್ಕೊಳ್ಳಿ. ಕಂಟ್ರೋಲ್-ಎಸ್ ಅಲ್ಲ, ಕೆಳಗಿರೋ ಬಟನ್ 🙂

#ಕನ್ನಡ #ಇತಿಹಾಸ #ಲಿನಕ್ಸ್ #ಬಿಕಾಂ