ಸೂರ್ಯಕಾಂತಿ ಬಂದ ದಾರಿ

ಬಳ್ಳಾರಿ ಸೀಮೆಯ ಅಡುಗೆಮನೆಗಳಲ್ಲಿ ಸೂರ್ಯಕಾಂತಿ ಎಣ್ಣೆ ಇಂದು ಹೊಸದೇನಲ್ಲ. ಆದರೆ ಈ ಹೂವು ಎಣ್ಣೆಕಾಳಿನ ಬೆಳೆಯಾಗಿ ನಮ್ಮ ದೇಶಕ್ಕೆ ಬಂದದ್ದು 1969ರಲ್ಲಿ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಸಂಡೂರು ತಾಲ್ಲೂಕಿನ ಬಂಡ್ರಿ, ಚೋರನೂರು ಕಡೆಯಂಥ ಮಳೆ ನಂಬಿದ ಹೊಲಗಳಿಗೆ ಅದು ತೀರಾ ಈಚಿನ ಅತಿಥಿ.

ಅತಿಥಿ ಹೊಸಬನಾದರೂ ನೆಂಟಸ್ತಿಕೆ ಹಳೆಯದು. ಸೂರ್ಯಕಾಂತಿಯದು ಸೇವಂತಿಗೆ, ಚೆಂಡುಹೂಗಳ ಕುಟುಂಬ. ಒಂದೇ ಹೂವಿನಂತೆ ಕಾಣುವುದು ನೂರಾರು ಕಿರುಹೂಗಳ ಗೊಂಚಲು. ಚಟ್ನಿಪುಡಿಯ ಗುರೆಳ್ಳು, ಎರೆಭೂಮಿಯ ಕುಸುಬೆ ಸಹ ಇದೇ ಮನೆತನದವು. ಕುಸುಬೆಯ ಬೀಜ ಗಾಣಕ್ಕೆ, ಎಸಳು ಬಟ್ಟೆಯ ಬಣ್ಣಕ್ಕೆ. ಜೋಳದ ಹೊಲದ ಅಂಚಿಗೆ ಬಿತ್ತಿದರೆ ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುತ್ತಿರಲಿಲ್ಲ.

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಬೆಳೆಯುತ್ತಿದ್ದರು. 16ನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದಾಗ ಅದು ಬರಿಯ ತೋಟದ ಹೂವು. ಅದನ್ನು ಎಣ್ಣೆಯ ಬೆಳೆಯಾಗಿಸಿದ್ದು ರಷ್ಯಾ. 20ನೆಯ ಶತಮಾನದಲ್ಲಿ ಕ್ರಾಸ್ನೊಡಾರ್‌ನ ತಳಿವಿಜ್ಞಾನಿ ಪುಸ್ತೊವೊಯ್ತ್, ಶೇ. 30ರಷ್ಟಿದ್ದ ಬೀಜದ ಎಣ್ಣೆಯಂಶವನ್ನು ಶೇ. 50ರ ಸಮೀಪಕ್ಕೆ ಏರಿಸಿದರು.

1969ರಲ್ಲಿ ಭಾರತಕ್ಕೆ ಬಂದದ್ದು ಆ ಸೋವಿಯತ್ ತಳಿಗಳೇ. ಪೆರೆಡೊವಿಕ್ ಅವುಗಳಲ್ಲಿ ಒಂದು. ಖಾದ್ಯತೈಲದ ಕೊರತೆಯಿದ್ದ ದೇಶಕ್ಕೆ ಇಂಥ ಬೆಳೆ ಬೇಕಾಗಿತ್ತು. ಮುಂಗಾರು, ಹಿಂಗಾರು ಎನ್ನದೆ ಬಿತ್ತಬಹುದು; ಮೂರು ತಿಂಗಳಲ್ಲಿ ಕೊಯ್ಲು; ಆಳಕ್ಕಿಳಿಯುವ ಬೇರು ಕಡಿಮೆ ತೇವದಲ್ಲೂ ಗಿಡವನ್ನು ಹಿಡಿದಿಡುತ್ತದೆ. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಎಸ್‌ಎಚ್-1 ಎಂಬ ದೇಶದ ಮೊದಲ ಸಂಕರ ತಳಿಯನ್ನು ಹೊರತಂದಿತು. 1986ರಲ್ಲಿ ಕೇಂದ್ರದ ಎಣ್ಣೆಕಾಳು ಮಿಷನ್ ಆರಂಭವಾಯಿತು. 1993-94ರ ಹೊತ್ತಿಗೆ ದೇಶದಲ್ಲಿ 26 ಲಕ್ಷ ಹೆಕ್ಟೇರ್‌ಗೂ ಹೆಚ್ಚು ನೆಲದಲ್ಲಿ ಸೂರ್ಯಕಾಂತಿ ಇತ್ತು. ಕರ್ನಾಟಕ ಮುಂಚೂಣಿಯಲ್ಲಿತ್ತು.

ಇಳಿಗಾಲವೂ ಅಲ್ಲಿಂದಲೇ ಮೊದಲಾಯಿತು. 1994ರಿಂದ ಖಾದ್ಯತೈಲದ ಆಮದಿನ ಕಟ್ಟು ಸಡಿಲಗೊಂಡು ಅಗ್ಗದ ತಾಳೆ ಎಣ್ಣೆ ಹರಿದುಬಂತು. 1997ರಲ್ಲಿ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಕಡೆ ಹೊಸ ರೋಗವೊಂದು ಕಾಣಿಸಿತು: ಎಲೆ ಕರಗುತ್ತದೆ, ಕತ್ತು ತಿರುಚುತ್ತದೆ, ತೆನೆ ಕಟ್ಟುವುದಿಲ್ಲ. ಇದು ತಂಬಾಕಿನಿಂದ ಹೆಸರು ಪಡೆದ ವೈರಸ್ಸಿನ ಕೆಲಸವೆಂದು ಆಮೇಲೆ ತಿಳಿಯಿತು. ಅದನ್ನು ತನ್ನಲ್ಲಿಟ್ಟುಕೊಂಡೂ ಹಸಿರಾಗಿ ನಿಲ್ಲುವುದು ಬದುವಿನ ಕಾಂಗ್ರೆಸ್ ಕಳೆ. ಅದರ ಪರಾಗದ ಜತೆ ಥ್ರಿಪ್ಸ್ ಎಂಬ ಕಿರುಕೀಟ ರೋಗವನ್ನು ಬೆಳೆಗೆ ಮುಟ್ಟಿಸುತ್ತದೆ. ಆ ಕಳೆಯೂ ಇದೇ ಕುಟುಂಬದ್ದು! ಕೀಟಕ್ಕೆಂದು ವಿಷ ಹೊಡೆದರೆ ಜೇನೂ ಸಾಯುತ್ತದೆ. ಜೇನು ಬಾರದ ತೆನೆಯಲ್ಲಿ ಕಾಳು ಜೊಳ್ಳಾಗುತ್ತದೆ. ಮೇಲೆ ಗಿಳಿಗಳ ಕಾಟ ಬೇರೆ. ಮಳೆಯಾಶ್ರಿತ ರೈತ ಮೆಕ್ಕೆಜೋಳದ ಕಡೆ ಹೊರಳಿದ್ದರಲ್ಲಿ ಅಚ್ಚರಿಯಿಲ್ಲ. 2020ರ ಹೊತ್ತಿಗೆ ದೇಶದ ಸೂರ್ಯಕಾಂತಿ ನೆಲ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಎಣ್ಣೆಯ ಬಳಕೆ ಮಾತ್ರ ಇಳಿಯಲಿಲ್ಲ. ಬೀಜ ಕೊಟ್ಟ ಸೀಮೆಯಿಂದಲೇ, ಅಂದರೆ ಉಕ್ರೇನ್ ಮತ್ತು ರಷ್ಯಾದಿಂದ, ಎಣ್ಣೆ ತರಿಸುವ ಸ್ಥಿತಿ ಬಂತು. 2022ರಲ್ಲಿ ಅಲ್ಲಿ ಯುದ್ಧ ಹೊತ್ತಿಕೊಂಡಾಗ ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಬೆಲೆ ಏರಿತು.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಎಣ್ಣೆಕಾಳು ಅಭಿಯಾನದಲ್ಲಿ ಸೂರ್ಯಕಾಂತಿಯ ಹೆಸರೂ ಇದೆ. ಆದರೆ ಬೀಜ ಹಂಚಿದ ಮಾತ್ರಕ್ಕೆ ಬೆಳೆ ಮರಳದು. ಎಳೆಯ ಸೂರ್ಯಕಾಂತಿ ದಿನವಿಡೀ ಸೂರ್ಯನ ಕಡೆ ಮುಖ ತಿರುಗಿಸುತ್ತದೆ. ಬಲಿತ ಮೇಲೆ ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ರೈತನಾದರೋ ಬೆಲೆಯಿರುವ ಕಡೆ ತಿರುಗಲೇಬೇಕು. ಒಕ್ಕಿದ ಕಾಳಿಗೆ ಖಾತರಿ ಬೆಲೆ, ಹೊಲಕ್ಕೆ ಜೇನು, ಬದುವಿನ ಕಳೆಯ ಮೇಲೆ ಕಣ್ಣು ಇವು ಮೂರೂ ಕೂಡಿದರೆ ಬಂಡ್ರಿಯ ಕಡೆಯ ಹೊಲಗಳು ಮತ್ತೆ ಹಳದಿಯಾಗಬಹುದು.