ನಾಲೆ ತಂದ ಕೆಸರು, ಗಾಲಿಯ ಎತ್ತರ

ಮಂಡ್ಯ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರ ಕೆಸರುಗದ್ದೆ ಕಾಣಿಸತೊಡಗಿ ಇನ್ನೂ ನೂರು ವರ್ಷವಾಗಿಲ್ಲ. ಅದಕ್ಕೆ ಮೊದಲು, ಕೆರೆ ಕೆಳಗಿನ ಗದ್ದೆಗಳನ್ನು ಬಿಟ್ಟರೆ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಉಳಿದದ್ದೆಲ್ಲ ಬಹುಪಾಲು ರಾಗಿ, ಹುರುಳಿಯ ಹೊಲ. 1911ರಲ್ಲಿ ಕೆಲಸ ಹಿಡಿದ ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆ ಸುರಂಗ ಹಾಯ್ದು, ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಇತ್ತ ಹರಿದದ್ದು 1930ರ ದಶಕದಲ್ಲಿ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಭತ್ತದ ಜೊತೆ ಕಬ್ಬೂ ಬಂತು, ನೀರು ಜಿನುಗುವ ನೆಲದ ಮೇಲೆ ಭಾರ ಹೊರುವ ಕೆಲಸವೂ ಬಂತು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಆಲ್‌ವೀಲ್ ಡ್ರೈವ್ ಕಾರು ಎಂಥ ಕೆಸರನ್ನಾದರೂ ದಾಟುತ್ತದೆ ಎಂಬ ಇಂದಿನ ನಂಬಿಕೆಯನ್ನು ಈ ನೆಲದಲ್ಲಿಟ್ಟು ನೋಡಬೇಕು. ಆಳದ ಕೆಸರಿನಲ್ಲಿ ಎಷ್ಟು ಚಕ್ರ ತಿರುಗುತ್ತವೆ ಎಂಬುದಕ್ಕಿಂತ ಚಕ್ರದ ಎತ್ತರವೇ ದೊಡ್ಡದು ಎನ್ನುವುದಕ್ಕೆ ಇಲ್ಲಿನ ಗಾಡಿ, ಟ್ರ್ಯಾಕ್ಟರುಗಳೇ ಸಾಕ್ಷಿ.

ವರ್ಷವರ್ಷವೂ ಉತ್ತು ತುಳಿದ ಭತ್ತದ ಗದ್ದೆಯಲ್ಲಿ ಮೇಲೆ ಗೇಣುದ್ದ ಕೆಸರು, ಅದರಡಿಗೆ ಒತ್ತಿ ಗಟ್ಟಿಯಾದ ತಳ. ಚಕ್ರಕ್ಕೆ ಹಿಡಿತ ಸಿಗುವುದು ಆ ತಳ ಮುಟ್ಟಿದಾಗ. ಆಳಿನ ಎದೆಮಟ್ಟ ಬರುವ ಮರದ ಗಾಲಿ ಅದನ್ನು ಮುಟ್ಟಿದರೂ ಅಚ್ಚು ಕೆಸರಿನಿಂದ ಮೇಲೆಯೇ ಉಳಿಯುತ್ತಿತ್ತು. ಕಾರಿನ ಹೊಟ್ಟೆಯಾದರೋ ನೆಲದಿಂದ ಸುಮಾರು 20 ಸೆಂ.ಮೀ. ಎತ್ತರದಲ್ಲಷ್ಟೇ ಇರುತ್ತದೆ. ಚಕ್ರ ತಳ ಸೇರುವ ಹೊತ್ತಿಗೆ ಹೊಟ್ಟೆ ಕೆಸರಿನ ಮೇಲೆ ಕೂತಿರುತ್ತದೆ, ಭಾರವೆಲ್ಲ ಅಲ್ಲಿಗೆ ಇಳಿಯುತ್ತದೆ. ಭಾರವಿಲ್ಲದ ಚಕ್ರಕ್ಕೆ ಹಿಡಿತವಿಲ್ಲ. ನಾಲ್ಕೂ ಸುತ್ತುತ್ತವೆ, ನಾಲ್ಕೂ ತಮ್ಮ ಗುಂಡಿ ತೋಡಿಕೊಳ್ಳುತ್ತವೆ. ರಸ್ತೆ ಟೈರಿನ ಸಣ್ಣ ಗೀರುಗಳಲ್ಲಿ ಜೇಡಿ ತುಂಬಿ, ರಬ್ಬರು ಮೆತ್ತಿದ ಗೋಡೆಯಂತೆ ನುಣ್ಣಗಾಗುತ್ತದೆ.

ಗಾಡಿಯ ಗಾಲಿ ಉರುಳಿದರೆ ಸಾಕು, ಎಳೆಯುವುದು ಎತ್ತಿನ ಕೆಲಸ, ಹೋಲಿಕೆ ಸರಿಯಲ್ಲ ಎನ್ನಬಹುದು. ಮಾತು ನಿಜ. ಎತ್ತಿನ ಸೀಳುಗೊರಸು ಊರಿದಾಗ ಅಗಲವಾಗಿ, ಕೀಳುವಾಗ ಕೂಡಿಕೊಳ್ಳುತ್ತದೆ. ಕೆಸರು ಅದನ್ನು ಕಚ್ಚಿ ಹಿಡಿಯದು. ಅಂಥ ಕಾಲಿಲ್ಲದ ಕಾರು ಭಾರ ಹೊರುವುದನ್ನೂ ಎಳೆಯುವುದನ್ನೂ ಅದೇ ಗಿಡ್ಡ ಚಕ್ರದಿಂದ ಮಾಡಬೇಕು. ಟ್ರ್ಯಾಕ್ಟರಿನ ಚಕ್ರಕ್ಕೂ ಎರಡೂ ಕೆಲಸವಿದೆ. ಆದರೂ ಹಿಂದಿನ ಎರಡೇ ಎತ್ತರದ ಚಕ್ರಕ್ಕೆ ಬಲವಿರುವ ಟ್ರ್ಯಾಕ್ಟರು ಕಬ್ಬಿಣದ ಕೇಜ್ ವೀಲ್ ಕಟ್ಟಿಕೊಂಡು ನಾಟಿಗೆ ಗದ್ದೆ ಹದ ಮಾಡುತ್ತದೆ. ಅದರ ಪಟ್ಟಿಗಳು ಕೆಸರನ್ನು ಹಿಂದಕ್ಕೆ ತಳ್ಳುತ್ತವೆ, ಸಂದುಗಳಿಂದ ಕೆಸರು ಸೋರಿಹೋಗುತ್ತದೆ. ಎರಡು ಚಕ್ರಕ್ಕೆ ಆಗುವ ಕೆಲಸ ನಾಲ್ಕಕ್ಕೆ ಆಗದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹಾಗೆಂದು ಆಲ್‌ವೀಲ್ ಡ್ರೈವ್ ವ್ಯರ್ಥವಲ್ಲ. ಮಳೆಗೆ ನೆನೆದ ನಾಲೆ ಏರಿಯ ಮೇಲೆ, ತಳ ಗಟ್ಟಿಯಿದ್ದು ಮೇಲ್ಮೈ ಮಾತ್ರ ಜಾರುವಲ್ಲಿ, ಜಾರುವ ಚಕ್ರದ ಬಲ ಹಿಡಿತವಿರುವ ಚಕ್ರಕ್ಕೆ ಸಿಕ್ಕಿ ಕಾರು ಮುಂದೆ ಸಾಗುತ್ತದೆ. ಅದೇ ಕಾರು ಏರಿಯಿಂದ ಗದ್ದೆಗೆ ಇಳಿದರೆ, ಹಗ್ಗ ಕಟ್ಟಿ ಎಳೆಯಲು ಟ್ರ್ಯಾಕ್ಟರೇ ಬರಬೇಕು.